ಐದು ಗಂಟೆಗೆ ನಮ್ಮ ಮನೇಲಿ ನೀರು ಬರುತ್ತೆ

ಭಾಗ 1

ಫೋಟೋದಲ್ಲಿರೋದು ಹಾಳಾದ ಒಂದು ಎ4 ಹಾಳೆಯ ಹಿಂಭಾಗ. ಮುಂಭಾಗದಲ್ಲಿ ಯಾರದ್ದೋ ಪ್ರಾಜೆಕ್ಟ್ ರಿಪೋರ್ಟಿನ 63ನೇ ಪುಟ ಪ್ರಿಂಟ್ ಆಗಿದೆ. ಅದರ ಕಥೆ ಆಮೇಲೆ ಹೇಳ್ತೀನಿ. ಮೊದಲು ಜಗಳ.

ಹೋದ ವಾರ ನಮ್ಮ ಬಿ.ಕಾಂ. ಗ್ರೂಪಿಗೆ ಒಂದೇ ರೀಲನ್ನ ಆರು ಜನ ಕಳಿಸಿದ್ರಿ. ಅದರಲ್ಲಿ ಮೂರು ಜನ ನನ್ನ ಹೆಸರು ಟ್ಯಾಗ್ ಮಾಡಿ, "ನಿನಗೇ ಹೇಳಿದಂಗಿದೆ ನೋಡು" ಅಂದ್ರಿ. ವಿಷಯ: ಬಿಸಿನೆಸ್ ಮಾಡ್ತಾ ದಿನಾ ಬರೆಯೋ ಅಭ್ಯಾಸ ಬೆಳೆಸ್ಕೊಳ್ಳೋದು ಹೇಗೆ. ಬೆಳಿಗ್ಗೆ 5ಕ್ಕೆ ಏಳಿ. ಫೋನ್ ಮುಟ್ಟಬೇಡಿ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ. ಮೂರು ಪುಟ ಬರೀರಿ. ಆಮೇಲೆ ಬಿಸಿನೆಸ್ಸು. ಕೊನೇಲಿ ಆ ಪುಣ್ಯಾತ್ಮ ಕ್ಯಾಮೆರಾ ಹತ್ರ ಬಂದು, ಐದಕ್ಕೆ ಏಳಲಾಗದವರಿಗೆ ಬರೆಯೋ ಆಸೆಯೇ ಇಲ್ಲ, ಆಸೆ ಇದೆ ಅಂತ ತೋರಿಸ್ಕೊಳ್ಳೋ ಆಸೆ ಇದೆ ಅಷ್ಟೇ ಅಂದ. ಅದಕ್ಕೆ ನೀವು ಸಾಲಾಗಿ ಬೆಂಕಿ ಎಮೋಜಿ ಹಾಕಿದ್ರಿ.

ಐದು ಗಂಟೆಗೆ ನಮ್ಮ ಮನೇಲಿ ನೀರು ಬರುತ್ತೆ. ದಿನ ಬಿಟ್ಟು ದಿನ, ಮುಕ್ಕಾಲು ಗಂಟೆ. ಸಂಪಿಗೆ ಬಿಡಬೇಕು, ಡ್ರಮ್ಮಿಗೆ ಪೈಪ್ ಹಾಕಬೇಕು, ಕುಡಿಯೋ ನೀರು ಬೇರೆ ಹಿಡಿಬೇಕು. ಅಮ್ಮನಿಗೆ ಮಂಡಿ ನೋವು, ಬಿಂದಿಗೆ ಎತ್ತೋಕಾಗಲ್ಲ. ನೀರು ಬರದ ದಿನ ಐದು ಗಂಟೆಗೆ ನಾನು ಏನು ಮಾಡ್ತೀನಿ ಗೊತ್ತಾ? ಮಲಗಿರ್ತೀನಿ. ಯಾಕಂದ್ರೆ ಹಿಂದಿನ ರಾತ್ರಿ ಅಂಗಡಿ ಬಾಗಿಲು ಹಾಕಿ, ಲೆಕ್ಕ ಮಾಡಿ, ಮನೆಗೆ ಬರೋಷ್ಟರಲ್ಲಿ ಒಂಬತ್ತೂವರೆ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಕಾಲೇಜೊಂದರ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಮೆಷಿನ್, ಒಂದು ಕಂಪ್ಯೂಟರ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್. ಜೊತೆಗೆ ಅರ್ಜಿ ತುಂಬಿಕೊಡೋದು. ಒಬ್ಬಳೇ. ಹದಿನಾಲ್ಕು ತಿಂಗಳಿಂದ ಇದೇ ಅಂಗಡಿಯಲ್ಲಿ ನಿಂತ್ಕೊಂಡು ದಿನಾ ಬರೀತಿದೀನಿ. ಹೇಗೆ ಅಂತ ಹೇಳೋದಕ್ಕಿಂತ, ಆ ರೀಲ್ ಹೇಳಿದ್ದು ಯಾಕೆ ತಪ್ಪು ಅಂತ ಹೇಳಬೇಕಿದೆ. ಇದು ಒಂದು ಪೋಸ್ಟಲ್ಲಿ ಮುಗಿಯಲ್ಲ.


ಭಾಗ 2

ಈ ಬೆಳಿಗ್ಗೆ ಐದರ ಹುಚ್ಚು ಎಲ್ಲಿಂದ ಬಂತು?

ಇಂಥ ರೀಲುಗಳಲ್ಲಿ ಮತ್ತೆ ಮತ್ತೆ ಬರೋ ಹೆಸರು ಆಂಟನಿ ಟ್ರಾಲಪ್. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ. ಅಂಚೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದುಕೊಂಡೇ ಕಾದಂಬರಿ ಮೇಲೆ ಕಾದಂಬರಿ ಬರೆದ, ಒಟ್ಟು 47. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರ್ತಿದ್ದ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೀತಿದ್ದ. ನಿಜ. ಸುಳ್ಳಲ್ಲ. 1883ರಲ್ಲಿ ಬಂದ ಅವನ ಆತ್ಮಕಥೆಯಲ್ಲಿ ಅವನೇ ಹೇಳ್ಕೊಂಡಿದ್ದಾನೆ.

ಅದೇ ಆತ್ಮಕಥೆಯಲ್ಲಿ ಇನ್ನೊಂದು ಮಾತಿದೆ, ಅದನ್ನ ಯಾವ ರೀಲಿನವರೂ ಹೇಳಲ್ಲ. ಅವನನ್ನ ಎಬ್ಬಿಸೋಕೆ, ಕಾಫಿ ತಂದುಕೊಡೋಕೆ ಒಬ್ಬ ವಯಸ್ಸಾದ ಆಳು ಇದ್ದ. ಕುದುರೆ ನೋಡ್ಕೊಳ್ಳೋ ಆಳು. ಈ ಕೆಲಸಕ್ಕೆ ಅಂತ ವರ್ಷಕ್ಕೆ 5 ಪೌಂಡ್ ಹೆಚ್ಚು ಸಂಬಳ. ಆ ಮುದುಕ ಒಂದು ದಿನವೂ ತಡ ಮಾಡಲಿಲ್ಲವಂತೆ. ಟ್ರಾಲಪ್ ಒಳ್ಳೆಯವನೇ, ನನ್ನ ಯಶಸ್ಸಿಗೆ ಬಹುಶಃ ಅವನಿಗೇ ಎಲ್ಲರಿಗಿಂತ ಹೆಚ್ಚು ಋಣಿ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಆದ್ರೆ ಲೆಕ್ಕ ಹಾಕಿ. ಐದೂವರೆಗೆ ಕಾಫಿ ಬರಬೇಕಂದ್ರೆ ಒಲೆ ಹಚ್ಚಿದವನು ಎಷ್ಟಕ್ಕೆ ಎದ್ದಿರ್ತಾನೆ? ಅವನೂ ಬೆಳಗಿನ ಜಾವ ಏಳೋನೇ. ಅವನು ಎಷ್ಟು ಕಾದಂಬರಿ ಬರೆದ?

ಇನ್ನು ಮೂರು ಪುಟದ ಲೆಕ್ಕ. ಅದು ಜೂಲಿಯಾ ಕ್ಯಾಮರನ್ ಅನ್ನೋ ಅಮೆರಿಕನ್ ಲೇಖಕಿಯ 1992ರ ಪುಸ್ತಕದಿಂದ ಬಂದದ್ದು. ಎದ್ದ ತಕ್ಷಣ ಕೈಬರಹದಲ್ಲಿ ಮೂರು ಪುಟ, ತಲೆಯಲ್ಲಿ ಬಂದದ್ದೆಲ್ಲ. ಅವಳು ಹೇಳಿದ್ದು ತಲೆ ಖಾಲಿ ಮಾಡ್ಕೊಳ್ಳೋ ಉಪಾಯ. ಅದನ್ನ ಶಿಸ್ತಿನ ಪರೀಕ್ಷೆ ಮಾಡಿ, ಫೇಲಾದವರಿಗೆ ಛೀಮಾರಿ ಹಾಕೋದು ನಮ್ಮವರ ಕೊಡುಗೆ.

ಆ ಸಲಹೆ ಪ್ರಕಾರ ಬೆಳಗಿನ ಹೊತ್ತು ಯಾರ ಕೈಯಲ್ಲಿದೆಯೋ ಅವರಿಗೆ ಅದು ಒಳ್ಳೇದೇ. ಎದ್ದ ಕ್ಷಣದಿಂದ ನಿಮ್ಮನ್ನ ಯಾರೂ ಕರೆಯಲ್ಲ ಅಂದ್ರೆ ಬರೀರಿ, ಬೇಡ ಅಂದೋರ್ಯಾರು. ಆದ್ರೆ ಅದನ್ನ ಸಣ್ಣ ವ್ಯಾಪಾರದವರಿಗೆ ಬಂದು ಹೇಳ್ತೀರಲ್ಲ, ಅಲ್ಲಿ ನನ್ನ ತಕರಾರು. ಹಾಲಿನ ಬೂತ್‌ನವನಿಗೆ ಐದು ಗಂಟೆ ಅಂದ್ರೆ ಗಿರಾಕಿ. ಹೂ ಮಾರೋರು ಅಷ್ಟೊತ್ತಿಗೆ ಮಾರ್ಕೆಟ್ಟಿಂದ ವಾಪಸ್ ಬರ್ತಿರ್ತಾರೆ. ಇಡ್ಲಿ ಗಾಡಿಯವರದ್ದು ಮೊದಲನೇ ಒಬ್ಬೆ ಇಳಿದಿರುತ್ತೆ. ಇವರೆಲ್ಲ ಆ ರೀಲ್‌ನವನಿಗಿಂತ ಮುಂಚೆ ಎದ್ದವರು.


ಭಾಗ 3

ನಾನೂ ಮಾಡಿ ನೋಡಿದೆ. ನೋಡದೆ ಬೈತಿಲ್ಲ.

ಹನ್ನೊಂದು ದಿನ. ನಾಲ್ಕೂವರೆಗೆ ಅಲಾರಂ. ದಪ್ಪ ರಟ್ಟಿನ ಡೈರಿ ತಗೊಂಡಿದ್ದೆ, 340 ರೂಪಾಯಿ. ಮೊದಲ ದಿನ ಎರಡೂವರೆ ಪುಟ. ನಾಲ್ಕನೇ ದಿನದ ಹೊತ್ತಿಗೆ "ಇವತ್ತು ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ" ಅಂತಲೇ ಒಂದು ಪುಟ. ಏಳನೇ ದಿನದಿಂದ ಅಲ್ಲಿ ಇಲ್ಲಿ ಓದಿದ ಸುಭಾಷಿತಗಳು. ಈಗ ತೆಗೆದು ನೋಡಿದ್ರೆ ನಾಚಿಕೆ ಆಗುತ್ತೆ. ಅದರಲ್ಲಿ ನನ್ನ ಅಂಗಡಿ ಇಲ್ಲ, ಬೀದಿ ಇಲ್ಲ, ಅಮ್ಮ ಇಲ್ಲ. "ನಿನ್ನ ಕನಸನ್ನು ಹಿಂಬಾಲಿಸು" ಇದೆ.

ಹನ್ನೊಂದನೇ ದಿನ ಮಧ್ಯಾಹ್ನ ಕೌಂಟರ್ ಮೇಲೆ ತೂಕಡಿಸ್ತಿದ್ದೆ. ಫೈನಲ್ ಇಯರ್ ಹುಡುಗಿಯೊಬ್ಬಳು ಪೆನ್‌ಡ್ರೈವ್ ತಂದಳು. 120 ಪುಟದ ಪ್ರಾಜೆಕ್ಟ್ ರಿಪೋರ್ಟ್, ನಾಲ್ಕು ಪ್ರತಿ. "ಅಕ್ಕಾ, ಎರಡು ಫೈಲ್ ಇದೆ, ಕೊನೇದು ಕರೆಕ್ಟು" ಅಂದಿದ್ದಳು. ನಾನು ಮೊದಲನೇದನ್ನ ಕೊಟ್ಟೆ. ಗೈಡ್ ಗೀಚಿ ವಾಪಸ್ ಕಳಿಸಿದ್ದ ಹಳೇ ಫೈಲು. 480 ಹಾಳೆ. ಸಂಜೆ ಬಂದು ಮೊದಲ ಪುಟ ತಿರುಗಿಸಿದವಳ ಮುಖ ಬಿಳಿಚಿಹೋಯ್ತು, ಮಾರನೇ ದಿನ ಸಬ್ಮಿಷನ್. ರಾತ್ರಿ ಹತ್ತರವರೆಗೆ ಕೂತು ಎಲ್ಲ ಮತ್ತೆ ಪ್ರಿಂಟ್ ಮಾಡಿ ಬೈಂಡ್ ಮಾಡಿಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಹತ್ತತ್ರ ಒಂದು ರೀಮ್ ಪೇಪರ್, ಟೋನರ್, ಕರೆಂಟು, ಎಲ್ಲ ನನ್ನ ತಲೆ ಮೇಲೆ.

ದೊಡ್ಡ ಕಂಪನಿಯಲ್ಲಿ ನಿದ್ದೆಗಣ್ಣಿನ ತಪ್ಪು ಎಲ್ಲೋ ಕರಗಿಹೋಗುತ್ತೆ. ಒಬ್ಬರೇ ನಡೆಸೋ ಅಂಗಡಿಯಲ್ಲಿ ಆ ತಪ್ಪು ಅವತ್ತಿನ ಸಂಪಾದನೆಯನ್ನೇ ತಿನ್ನುತ್ತೆ. ನಿದ್ದೆ ಕಡಿಮೆ ಮಾಡಿ ಬರೀರಿ ಅನ್ನೋರಿಗೆ ಈ ಲೆಕ್ಕ ಗೊತ್ತಿಲ್ಲ, ಅಥವಾ ಅವರ ತಪ್ಪುಗಳನ್ನ ತಿದ್ದೋಕೆ ಬೇರೆ ಯಾರೋ ಇದ್ದಾರೆ.

ಆ 480 ಹಾಳೆಯ ಕಟ್ಟು ಮೂಲೇಲಿ ಬಿದ್ದಿತ್ತು. ಒಂದು ಬದಿ ಪ್ರಿಂಟು, ಇನ್ನೊಂದು ಬದಿ ಬಿಳಿ. ಡೈರಿ ಮನೇಲೇ ಉಳೀತು. ಮಾರನೇ ದಿನ ಮೂರು ಗಂಟೆ ಹೊತ್ತಿಗೆ, ಕಾಲೇಜು ಬಿಡೋ ಮುಂಚೆ, ಸಿಟ್ಟಲ್ಲಿ ಒಂದು ಹಾಳೆ ಎಳ್ಕೊಂಡು ಹಿಂದಿನ ರಾತ್ರಿ ನಡೆದದ್ದನ್ನ ನಡೆದಂಗೇ ಬರೆದೆ. ಹುಡುಗಿಯ ಮುಖ, ಮೆಷಿನ್ನಿನ ಬಿಸಿ ವಾಸನೆ, ಅವಳಪ್ಪ ಹೊರಗೆ ಬೈಕ್ ಮೇಲೆ ಕೂತು ಹತ್ತು ನಿಮಿಷಕ್ಕೊಮ್ಮೆ ಇಣುಕಿದ್ದು. ಹಾಳೆ ತುಂಬ್ತು. ಹನ್ನೊಂದು ದಿನದಲ್ಲಿ ಬರೆದದ್ದಕ್ಕಿಂತ ಅದೊಂದು ಪುಟ ವಾಸಿ ಇತ್ತು.


ಭಾಗ 4

ಅಭ್ಯಾಸ ಹೇಗೆ ನಡೀತಿದೆ ಅಂತ ಕೇಳಿದ್ರಿ, ಹೇಳಿಬಿಡ್ತೀನಿ, ಇದರಲ್ಲಿ ರಹಸ್ಯ ಏನಿಲ್ಲ.

ಸಮಯ ಗೊತ್ತು ಮಾಡಿಲ್ಲ. ಜಾಗ ಗೊತ್ತು ಮಾಡಿದೀನಿ. ಕೌಂಟರಿನ ಎಡಗಡೆ, ಸ್ಟೇಪ್ಲರ್ ಪಕ್ಕ, ಒಂದು ಹಾಳೆ ಯಾವಾಗಲೂ ಇರುತ್ತೆ, ಮೇಲೆ ತೂಕಕ್ಕೆ ಹಳೇ ಟೋನರ್ ಡಬ್ಬಿಯ ಮುಚ್ಚಳ. ಬೆಳಿಗ್ಗೆ ಬಾಗಿಲು ತೆಗೆದು, ದೀಪ ಹಚ್ಚಿ, ಮೆಷಿನ್ ಬಿಸಿ ಆಗೋಷ್ಟರಲ್ಲಿ ತಾರೀಖು ಹಾಕಿಡ್ತೀನಿ. ಆಮೇಲೆ ಎರಡು ಗಿರಾಕಿ ಮಧ್ಯೆ ಎಷ್ಟು ಸಿಗುತ್ತೋ ಅಷ್ಟು. ಅಳತೆ ಒಂದೇ ಒಂದು ಬದಿ. ನನ್ನ ಕೈಬರಹಕ್ಕೆ 25 ಸಾಲು. ಮುಗಿದ್ರೆ ಮುಗೀತು, ಇನ್ನೊಂದು ಹಾಳೆ ಮುಟ್ಟಲ್ಲ.

"ಮಧ್ಯ ಮಧ್ಯ ತಡೆದ್ರೆ ಓಘ ಹೋಗಲ್ವಾ?" ಹೋಗುತ್ತೆ. ವಾಕ್ಯದ ನಡುವೆ "ಅಕ್ಕಾ ಆಧಾರ್ ಫ್ರಂಟ್ ಬ್ಯಾಕ್, ಒಂದೇ ಸೈಡಲ್ಲಿ" ಅಂತಾರೆ. ವಾಪಸ್ ಬರೋಷ್ಟರಲ್ಲಿ ಆ ವಾಕ್ಯ ಎಲ್ಲಿಗೆ ಹೊರಟಿತ್ತೋ ಮರೆತಿರುತ್ತೆ. ಮೊದಮೊದಲು ಕಿರಿಕಿರಿ ಆಗ್ತಿತ್ತು. ಈಗ ಅನ್ನಿಸೋದು, ಮರೆತುಹೋಗೋ ವಾಕ್ಯ ಅಷ್ಟೇನೂ ಬೇಕಾಗಿರಲಿಲ್ಲ. ಬೇಕಾದದ್ದು ಹತ್ತು ಆಧಾರ್ ಕಾರ್ಡ್ ಆದ್ಮೇಲೂ ನಿಂತಿರುತ್ತೆ. ಹೆಮಿಂಗ್ವೇ ಮುಂದೇನು ಬರೆಯಬೇಕು ಅಂತ ಗೊತ್ತಿರುವಾಗಲೇ ಆವತ್ತಿನ ಕೆಲಸ ನಿಲ್ಲಿಸ್ತಿದ್ದನಂತೆ, ಮಾರನೇ ದಿನ ಸುಲಭ ಆಗಲಿ ಅಂತ. ನನಗೆ ಆ ಕೆಲಸವನ್ನ ಗಿರಾಕಿಗಳು ದಿನಕ್ಕೆ ನಲವತ್ತು ಸಲ ಮಾಡಿಕೊಡ್ತಾರೆ.

ತಿಂಗಳ ಕೊನೆಗೆ ಎಲ್ಲ ಹಾಳೆ ಸೇರಿಸಿ ಸ್ಪೈರಲ್ ಹಾಕ್ತೀನಿ. ನವೆಂಬರಿನದ್ದು 26 ಹಾಳೆ. ಜೂನ್‌ದು 9. ಜೂನಲ್ಲಿ ಅಡ್ಮಿಷನ್, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ಪು, ಉಸಿರಾಡೋಕೆ ಬಿಡುವಿರಲ್ಲ. ಒಂಬತ್ತಕ್ಕೆ ಒಂಬತ್ತು ಹಾಳೆಯ ಪುಸ್ತಕ. ಆಪ್‌ಗಳಲ್ಲಿ ಇರುತ್ತಲ್ಲ, ಒಂದು ದಿನ ತಪ್ಪಿದ್ರೆ ಇಷ್ಟು ದಿನದ ಲೆಕ್ಕ ಸೊನ್ನೆ ಆಗೋದು, ಅದನ್ನ ಕಂಡುಹಿಡಿದವನು ಯಾವತ್ತೂ ಅಂಗಡಿ ಇಟ್ಟಿಲ್ಲ. ಬಂದ್ ಆದ ಮಾರನೇ ದಿನ ಯಾವ ಅಂಗಡಿಯವನೂ ತನ್ನ ಲೆಕ್ಕದ ಪುಸ್ತಕ ಹರಿದು ಮೊದಲಿಂದ ಶುರು ಮಾಡಲ್ಲ.

ಒಂದು ಎಚ್ಚರಿಕೆ. ಹಾಳಾದ ಹಾಳೆ ಅಂತ ಎಲ್ಲವನ್ನೂ ಬಳಸಬೇಡಿ. ಆಧಾರ್, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು, ಮೆಡಿಕಲ್ ರಿಪೋರ್ಟು ಕೆಟ್ಟು ಬಂದ್ರೆ ಗಿರಾಕಿ ಎದುರಿಗೇ ಹರಿದು ಹಾಕ್ತೀನಿ. ಅವು ನನ್ನ ಹಾಳೆಗಳಲ್ಲ. ಆ 480ರ ವಿಷಯದಲ್ಲಿ ಮಾತ್ರ ಆ ಹುಡುಗಿಯನ್ನ ಕೇಳಿದೆ. "ಅದನ್ನ ಕಣ್ಣೆದುರಿಗೆ ತರಬೇಡಿ ಅಕ್ಕಾ, ಏನಾದ್ರೂ ಮಾಡ್ಕೊಳ್ಳಿ" ಅಂದಳು.


ಭಾಗ 5

ಇಲ್ಲಿವರೆಗೆ ಓದಿದ ಕೆಲವರು ಮೆಸೇಜ್ ಮಾಡಿದ್ರಿ, "ಸರಿ, ಬರೀತೀಯ, ಆದ್ರೆ ಯಾಕೆ?" ಅಂತ. ಇದು ಒಳ್ಳೆ ಪ್ರಶ್ನೆ. ಮಾನಸಿಕ ನೆಮ್ಮದಿ, ಉತ್ಪಾದಕತೆ, ಬ್ರ್ಯಾಂಡು ಅಂತೆಲ್ಲ ಹೇಳೋರು ಇದ್ದಾರೆ. ನನ್ನ ಕಾರಣ ಒಬ್ಬರು ಅಜ್ಜಿ.

ಅರ್ಜಿ ಬರೆಯೋದು ನನ್ನ ಅಂಗಡಿಯ ಅರ್ಧ ಸಂಪಾದನೆ. ಕಂಪ್ಯೂಟರಲ್ಲಿ ಒಂದು ಫೋಲ್ಡರ್ ಇದೆ, ಎಲ್ಲ ತರದ ಅರ್ಜಿಯ ಮಾದರಿ ರೆಡಿ ಇರ್ತಾವೆ. "ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರುವಾಗಿ "ತಮ್ಮ ವಿಶ್ವಾಸಿ" ಅಂತ ಮುಗಿಯುತ್ತೆ. ಹೆಸರು, ಊರು, ಸಂಖ್ಯೆ ಬದಲಾಯಿಸಿದ್ರೆ ಆಯ್ತು. 30 ರೂಪಾಯಿ. ನಾಲ್ಕು ನಿಮಿಷ.

ಆ ಅಜ್ಜಿಗೆ ನಾಲ್ಕು ತಿಂಗಳಿಂದ ವಿಧವಾ ವೇತನ ಬಂದಿರಲಿಲ್ಲ. ಕಚೇರಿಯೊಂದರಲ್ಲಿ ವಿಚಾರಿಸಿದಾಗ ಯಾರೋ ಸ್ಕ್ರೀನ್ ನೋಡಿ, "ಇದರಲ್ಲಿ ನೀವು ತೀರಿಕೊಂಡಿದೀರಿ ಅಂತ ತೋರಿಸ್ತಿದೆ" ಅಂದಿದ್ದರಂತೆ. ನಾನು ಮಾದರಿ ತೆಗೆದೆ, ಟೈಪ್ ಮಾಡಿದೆ. "ತಾಂತ್ರಿಕ ಕಾರಣಗಳಿಂದಾಗಿ ಸದರಿ ವೇತನವು ಸ್ಥಗಿತಗೊಂಡಿದ್ದು, ದಯಮಾಡಿ ಪುನರಾರಂಭಿಸಬೇಕಾಗಿ ಕೋರಿದೆ." ಓದಿ ಹೇಳು ಅಂದ್ರು. ಓದಿದೆ.

"ಎಲ್ಲಾ ಸರಿಯಾಗಿದೆ ಮಗಾ. ನಾನು ಬದುಕಿದೀನಿ ಅಂತ ಎಲ್ಲಿ ಬರ್ದಿದೀಯ?"

ನಾನು ಏನಂದೆ ಗೊತ್ತಾ? "ಅಜ್ಜಿ, ಅರ್ಜಿಯಲ್ಲಿ ಹಂಗೆಲ್ಲ ಬರೆಯಲ್ಲ" ಅಂದೆ. ಆಗ ನಾನು ಹಾಳೆ ಬರೆಯೋಕೆ ಶುರು ಮಾಡಿ ಐದು ತಿಂಗಳಾಗಿತ್ತು, ಆದ್ರೂ ಬಾಯಿಂದ ಬಂದದ್ದು ಅದೇ. ಅಜ್ಜಿ ದುಡ್ಡು ಕೊಟ್ಟು, ಕಾಗದ ಮಡಿಚಿ ಸೆರಗಿಗೆ ಸಿಕ್ಕಿಸಿಕೊಂಡು ಹೊರಟ್ರು. ನಾನು ಎಡಗಡೆ ತಿರುಗಿ ಅವತ್ತಿನ ಹಾಳೆಯಲ್ಲಿ ಅವರ ಮಾತನ್ನ ಅವರು ಹೇಳಿದಂಗೇ ಬರೆದೆ. ಬರೆದು ನೋಡಿದ್ರೆ, ಅವರು ಕೇಳಿದ್ದೇ ಅರ್ಜಿ. ನಾನು ಟೈಪ್ ಮಾಡಿದ್ದು ಅರ್ಜಿಯ ಅಂಗಿ.

ಓಡಿಹೋಗಿ ಬಸ್‌ಸ್ಟಾಪಿಂದ ಕರ್ಕೊಂಡು ಬಂದೆ. ಹೊಸದಾಗಿ ಬರೆದೆ. "ದಾಖಲೆಯಲ್ಲಿ ನಾನು ಮೃತಳೆಂದು ನಮೂದಾಗಿರುತ್ತದೆ. ನಾನು ಬದುಕಿದ್ದೇನೆ. ಈ ಅರ್ಜಿಯನ್ನು ನಾನೇ ನಡೆದು ಬಂದು ಕೊಡುತ್ತಿದ್ದೇನೆ." ಓದಿ ಹೇಳಿದಾಗ ಅಜ್ಜಿ ತಲೆ ಆಡಿಸಿದ್ರು, ಅಷ್ಟೇ.

ವೇತನ ಆಮೇಲೆ ಬಂತು. ನನ್ನ ವಾಕ್ಯದಿಂದ ಬಂತು ಅಂತ ನಾನು ಹೇಳಲ್ಲ, ಆಧಾರ್ ಜೋಡಣೆ ಯಾರೋ ಸರಿ ಮಾಡಿದ್ಮೇಲೆ ಬಂತು. ಆದ್ರೆ ಎರಡು ಕಾಗದದ ವ್ಯತ್ಯಾಸ ನನ್ನ ಕೈಗೆ ಗೊತ್ತಾಯ್ತು.


ಭಾಗ 6

ಅದಕ್ಕೇ ಹೇಳ್ತಿದೀನಿ. ವ್ಯಾಪಾರ ನಿಮ್ಮ ಟೈಮ್ ತಿನ್ನುತ್ತೆ ಅನ್ನೋದು ಚಿಕ್ಕ ಸಮಸ್ಯೆ. ದೊಡ್ಡದು ಅದು ನಿಮ್ಮ ಕೈಗೆ ಮಾದರಿ ಭಾಷೆ ಕಲಿಸುತ್ತೆ. ಬಿಲ್ಲು, ಕೊಟೇಷನ್ನು, "ಗ್ರಾಹಕರಲ್ಲಿ ವಿನಂತಿ", "ಉದ್ರಿ ಕೇಳಿ ಮುಜುಗರಪಡಿಸಬೇಡಿ", ಹಬ್ಬದ ಶುಭಾಶಯದ ಸ್ಟೇಟಸ್ಸು. ದಿನಕ್ಕೆ ನೂರು ಸಲ ಅದನ್ನೇ ಬರೆದ್ರೆ, ಒಂದು ದಿನ ಎದುರಿಗೆ ಜೀವಂತ ಮನುಷ್ಯ ನಿಂತು "ನಾನು ಬದುಕಿದೀನಿ ಅಂತ ಬರಿ" ಅಂದಾಗ ಕೈ ಏಳಲ್ಲ. ನನಗಾದದ್ದು ಅದೇ.

ಈಗ ರೀಲ್ ಕಡೆ ಬನ್ನಿ. ಐದು ಗಂಟೆ, ನಿಂಬೆನೀರು, ಕೃತಜ್ಞತೆಯ ಮೂರು ವಿಷಯ, ಇವತ್ತಿನ ಗುರಿ. ಇದೂ ಒಂದು ಮಾದರಿ ಅರ್ಜಿಯೇ ಅಲ್ವಾ? ಹೆಸರು, ಊರು ಬದಲಾಯಿಸಿ ತುಂಬೋದು. ಅಂಗಡಿಯ ಫೋಲ್ಡರಿಂದ ತಪ್ಪಿಸ್ಕೊಳ್ಳೋಕೆ ಹೋಗಿ ಇನ್ನೊಂದು ಫೋಲ್ಡರಿಗೆ ಬಿದ್ದಂಗೆ. ನನ್ನ 340 ರೂಪಾಯಿ ಡೈರಿಯಲ್ಲಿ ಇದ್ದದ್ದೆಲ್ಲ ಅದೇ.

ಬರಹ ಅಂದ್ರೆ ಕೆಲಸದಿಂದ ದೂರ ಹೋಗಿ, ಶುಚಿಯಾಗಿ, ಮೌನದಲ್ಲಿ ಮಾಡೋ ಪೂಜೆ ಅಂತ ನಮಗೆ ಹೇಳಿಕೊಟ್ಟೋರ್ಯಾರು? ನಮ್ಮ ಭಾಷೆ ಅಂತೂ ಹಂಗೆ ಹೇಳಿಲ್ಲ. ಪಿಯುಸಿಯಲ್ಲಿ ಹತ್ತು ಮಾರ್ಕ್ಸಿಗೆ ಅಂತ ಬಾಯಿಪಾಠ ಮಾಡಿ ಮರೆತ ಹೆಸರುಗಳನ್ನ ಒಂದ್ಸಲ ಸುಮ್ನೆ ಓದಿ. ಅಂಬಿಗರ ಚೌಡಯ್ಯ, ದೋಣಿ ನಡೆಸೋನು. ಮೋಳಿಗೆ ಮಾರಯ್ಯ, ಕಟ್ಟಿಗೆ ಮಾರೋನು. ನುಲಿಯ ಚಂದಯ್ಯ, ಹಗ್ಗ ಹೊಸೆಯೋನು. ಮೇದಾರ ಕೇತಯ್ಯ, ಬುಟ್ಟಿ ಹೆಣೆಯೋನು. ಹೆಂಡದ ಮಾರಯ್ಯ. ಸುಂಕದ ಬಂಕಣ್ಣ. ಕದಿರೆ ರೆಮ್ಮವ್ವೆ, ನೂಲು ತೆಗೆಯೋಳು. 12ನೇ ಶತಮಾನದ ವಚನಕಾರರ ಪಟ್ಟಿ ಓದಿದ್ರೆ ಪೇಟೆ ಬೀದಿಯ ಬೋರ್ಡುಗಳನ್ನ ಓದಿದಂಗಿರುತ್ತೆ. ಹೆಸರಲ್ಲೇ ಕಸುಬು. ಇವರು ಕಸುಬು ಬಿಟ್ಟು ಬರೀಲಿಲ್ಲ, ರೆಮ್ಮವ್ವೆಯ ವಚನದೊಳಗೆ ರಾಟೆ ತಿರುಗ್ತಾ ಇರುತ್ತೆ. ಚೌಡಯ್ಯನಂತೂ ತನ್ನ ವೃತ್ತಿಯ ಹೆಸರನ್ನೇ ಅಂಕಿತ ಮಾಡ್ಕೊಂಡ.

ಅವರನ್ನ ನಾವು ಪೀಠದ ಮೇಲೆ ಕೂರಿಸಿ ಕೈಮುಗಿದು ಸುಮ್ನಾಗಿದೀವಿ. ಅವರ ಕೈಯಲ್ಲಿ ಏನಿತ್ತು ಅಂತ ನೋಡಲ್ಲ.

ಹತ್ತಿರದ ಕಾಲಕ್ಕೆ ಬಂದ್ರೆ, ಗಳಗನಾಥರು ಕಾದಂಬರಿ ಬರೆದು, ತಾವೇ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ರು ಅಂತ ಹೇಳ್ತಾರೆ. ಕಾರಂತರು ಪುತ್ತೂರಲ್ಲಿ ಪ್ರೆಸ್ ನಡೆಸಿದ್ರು. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದ್ರು, ಆ ತೋಟ, ಕಾಡು, ಪೇಟೆಯ ಜನ ಎಲ್ಲ ಪುಸ್ತಕಗಳೊಳಗೆ ಬಂದ್ರು. "ಅವರಿಗೆ ತೋಟ ಇತ್ತು, ನಮಗೆಲ್ಲಿದೆ" ಅಂತ ಕಾಮೆಂಟ್ ಹಾಕೋ ಮುಂಚೆ: ಸರಿ, ಒಪ್ಪಿದೆ. ಅದಕ್ಕೇ ನಾನು ಪಟ್ಟಿಯನ್ನ ಕಟ್ಟಿಗೆ ಮಾರೋನಿಂದ ಶುರು ಮಾಡಿದ್ದು.


ಭಾಗ 7

ಇನ್ನೊಂದು ಪಂಗಡ ಇದೆ. ಇವರು ಐದು ಗಂಟೆಯವರ ತಮ್ಮಂದಿರು. "ಈ ಅಂಗಡಿ ಗಿಂಗಡಿ ಬಿಡು, ನಿನ್ನ ಪ್ಯಾಷನ್ ಫಾಲೋ ಮಾಡು."

ವರ್ಜೀನಿಯಾ ವುಲ್ಫ್ 1929ರಲ್ಲಿ ಹೇಳಿದ್ದು ಎಲ್ಲರಿಗೂ ಅರ್ಧ ಗೊತ್ತು. ಬರೆಯೋ ಹೆಂಗಸಿಗೆ ತನ್ನದೇ ಒಂದು ಕೋಣೆ ಬೇಕು. ಇನ್ನರ್ಧ ಮರೀತಾರೆ, ವರ್ಷಕ್ಕೆ 500 ಪೌಂಡ್ ಕೂಡ ಬೇಕು. ಆ ಪ್ರಬಂಧದ ನಿರೂಪಕಿಗೆ ದುಡ್ಡು ಬಂದದ್ದು ಬೊಂಬಾಯಿಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ ಅತ್ತೆಯೊಬ್ಬಳಿಂದ. ನನ್ನ ಅತ್ತೆಯರು ಯಾರೂ ಕುದುರೆ ಹತ್ತಲ್ಲ. ಹಾಗಾಗಿ ನನ್ನ 500 ಪೌಂಡ್ ಈ ಅಂಗಡಿ. ಒಂದು ಪುಟಕ್ಕೆ ಎರಡು ರೂಪಾಯಿಯಂತೆ ಬರುತ್ತೆ. ಬೀಗ ಹಾಕೋ ಕೋಣೆಯೂ ಇದೇ, ಷಟರ್ ಅಂತ ಕರೀತೀವಿ. ಇದನ್ನ ಬಿಟ್ಟು ಬರಿ ಅನ್ನೋನು ಮೊದಲು ತಿಂಗಳ ಬಾಡಿಗೆ ಕಳಿಸ್ಲಿ.

ಮೂರನೇ ಪಂಗಡ ನೀವೇ ಕಣ್ರೋ, ನನ್ನ ಕ್ಲಾಸ್‌ಮೇಟ್ಸು. "ಸೆಟ್ಲ್ ಆದ್ಮೇಲೆ ಬರೀತೀನಿ." ಕೆಎಎಸ್ ಆಗಲಿ, ಸಾಲ ತೀರಲಿ, ಎರಡನೇ ಬ್ರ್ಯಾಂಚ್ ನಿಲ್ಲಲಿ. ನಮ್ಮ ಕ್ಲಾಸಲ್ಲಿ ನನಗಿಂತ ಚೆನ್ನಾಗಿ ಬರೀತಿದ್ದ ಒಬ್ಬ ಇದ್ದ, ವಾರ್ಷಿಕ ಸಂಚಿಕೆಯಲ್ಲಿ ಅವನ ಕಥೆ ಓದಿ ಕನ್ನಡ ಮೇಷ್ಟ್ರು ಕ್ಲಾಸ್ ನಿಲ್ಲಿಸಿ ಮಾತಾಡಿದ್ರು, ನೆನಪಿದೆಯಾ? ಈಗ ಅವನದ್ದೂ ಒಂದು ಅಂಗಡಿ ಇದೆ, ಚೆನ್ನಾಗೇ ನಡೀತಿದೆ. ಹೋದ ತಿಂಗಳು ಸಿಕ್ಕಿದ್ದ. ತಂಗಿ ಮದುವೆಗೆ ಆಹ್ವಾನ ಪತ್ರಿಕೆ ಒಕ್ಕಣೆ ಬರ್ಕೊಡು ಅಂದ. "ನೀನೇ ಬರಿಯೋ" ಅಂದೆ. "ಇಲ್ಲ ಕಣೆ, ಕೂತ್ರೆ ಬರೀ 'ತಮ್ಮ ಆಗಮನಾಭಿಲಾಷಿಗಳು' ಅಂತಲೇ ಬರುತ್ತೆ" ಅಂದು ನಕ್ಕ. ನನಗೆ ನಗು ಬರಲಿಲ್ಲ. ಅವನಿಗೂ ಬಂದಿರಲಿಲ್ಲ ಅನ್ಸುತ್ತೆ.

ಸೆಟ್ಲ್ ಆಗೋಷ್ಟರಲ್ಲಿ ಟೈಮ್ ಸಿಗಬಹುದು. ಕೈ ಸಿಗುತ್ತೆ ಅನ್ನೋ ಖಾತ್ರಿ ಏನು?


ಭಾಗ 8

ನನ್ನ ವಿರುದ್ಧವೂ ಒಂದಿಷ್ಟು ಹೇಳಬೇಕು, ಇಲ್ಲಾಂದ್ರೆ ನಾನೂ ರೀಲ್ ಮಾಡಿದಂಗಾಗುತ್ತೆ.

"ಇದರಿಂದ ಕಾದಂಬರಿ ಬರುತ್ತಾ ಅಕ್ಕಾ?" ಬಹುಶಃ ಇಲ್ಲ. 25 ಸಾಲಿನ ಅಳತೆಗೆ 25 ಸಾಲಿನಷ್ಟೇ ಉಸಿರು. ಹದಿನಾಲ್ಕು ತಿಂಗಳ ಹಾಳೆ ಹರಡಿಕೊಂಡು ಒಂದು ಭಾನುವಾರ ಪೂರ್ತಿ ಕೂತು ಒಂದು ಕಥೆ ಮಾಡಿದೆ, ಆರು ಪುಟ. ಒಂದು ಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ಮತ್ತೆ ಓದಿದಾಗ ಅವರದ್ದೇ ಸರಿ ಅನ್ನಿಸ್ತು, ಕೊನೆ ಒಂದು ಪುಟ ನಾನು ಅಳಿಸಬೇಕಿತ್ತು. ಉದ್ದ ಬರೆಯೋಕೆ ಉದ್ದದ ಹೊತ್ತು ಬೇಕು, ಅದು ಅಂಗಡಿಯಲ್ಲಿ ಸಿಗಲ್ಲ. ಅದನ್ನ ಹೇಗೆ ಹೊಂದಿಸೋದು ಅಂತ ನನಗಿನ್ನೂ ದಾರಿ ಕಂಡಿಲ್ಲ.

ಬರೆಯೋದ್ರಿಂದ ವ್ಯಾಪಾರದಲ್ಲಿ ತಪ್ಪೂ ಆಗಿದೆ. ಒಂದ್ಸಲ ವಾಕ್ಯದ ಗುಂಗಲ್ಲಿ ನೂರಕ್ಕೆ ಐನೂರರ ಚಿಲ್ಲರೆ ಕೊಟ್ಟೆ. ಆ ಹುಡುಗ ವಾಪಸ್ ತಂದುಕೊಟ್ಟ, ಅವನ ಪುಣ್ಯ. ಅವತ್ತಿಂದ ಕೈಯಲ್ಲಿ ದುಡ್ಡಿದ್ದಾಗ ಪೆನ್ ಮುಟ್ಟಲ್ಲ.

ಇನ್ನು ಈ ಪೋಸ್ಟುಗಳು. ನೀವು ಕೇಳೋದು ಸರಿ: "ಬರೆದದ್ದನ್ನ ಇಲ್ಲಿ ಹಾಕ್ತಿದೀಯಲ್ಲ, ಇದೂ ತೋರಿಸ್ಕೊಳ್ಳೋದೇ ತಾನೆ?" ಹೌದು. ಈ ಸರಣಿ ಬರೆಯೋಕೆ ಶುರು ಮಾಡಿದ ಮೇಲೆ ನಾಲ್ಕು ದಿನ ನನ್ನ ಹಾಳೆಯಲ್ಲಿ "ಇದನ್ನ ಹಾಕಬಹುದು" ಅನ್ನೋ ದನಿ ಬಂದಿದೆ, ಓದಿದ್ರೆ ಗೊತ್ತಾಗುತ್ತೆ. ಲೈಕ್ ಬರೋ ವಾಕ್ಯ ತಾನಾಗೇ ಉದ್ದ ಕೋಟು ಹಾಕ್ಕೊಂಡು ಬರುತ್ತೆ. ಆ ನಾಲ್ಕು ಹಾಳೆ ಈ ತಿಂಗಳ ಪುಸ್ತಕದಲ್ಲಿ ಇರ್ತಾವೆ, ತೆಗೆಯಲ್ಲ, ಆದ್ರೆ ಇನ್ಮೇಲೆ ಕೌಂಟರಿನ ಹಾಳೆ ಯಾವುದೂ ಇಲ್ಲಿಗೆ ಬರಲ್ಲ. ಮೊದಲ ಫೋಟೋದಲ್ಲಿ ಹಾಕಿದ್ದು ಕೂಡ ಓದೋಕೆ ಆಗದ ಹಂಗೆ ಮಸುಕು ಮಾಡಿದೀನಿ, ಗಮನಿಸಿದ್ರೋ ಇಲ್ವೋ. ಅಜ್ಜಿಯ ವಿಷಯ ಮಾತ್ರ ಅವರನ್ನೇ ಕೇಳಿ ಬರೆದೆ. "ಹೆಸರು ಬೇಡ, ಬದುಕಿದೀನಿ ಅಂತ ಮಾತ್ರ ಹಾಕು" ಅಂದ್ರು.


ಭಾಗ 9

ಕೊನೇದು, ಇದು ಕಾಲೇಜಿನ ಹುಡುಗರು ಹುಡುಗಿಯರಿಗೆ, ಅಕ್ಕಪಕ್ಕದ ಅಂಗಡಿಯವರಿಗೂ ಸೇರಿಸಿ. ಬೇಕರಿ ಹುಡುಗ, ಮೊಬೈಲ್ ರಿಪೇರಿಯವನು, ಬ್ಲೌಸ್ ಹೊಲಿಯೋ ಅಕ್ಕ, ನೀವು ಮೂವರೂ ಇದನ್ನ ಓದ್ತಿದೀರಿ ಅಂತ ನನಗೆ ಗೊತ್ತು.

ಅಂಗಡಿ ಬಾಗಿಲ ಎಡಕ್ಕೆ ಒಂದು ರಟ್ಟಿನ ಡಬ್ಬ ಇಟ್ಟಿದೀನಿ. ಅದರಲ್ಲಿ ಒಂದು ಬದಿ ಬಿಳಿ ಇರೋ ಹಾಳೆಗಳು, ನನ್ನದೇ ಟೆಸ್ಟ್ ಪ್ರಿಂಟು, ಓರೆ ಬಂದವು, ಟೋನರ್ ಚೆಲ್ಲಿದವು. ಯಾರದ್ದೂ ಖಾಸಗಿ ಕಾಗದ ಇಲ್ಲ, ಒಂದೊಂದೂ ನೋಡಿ ಹಾಕಿದೀನಿ. ಒಬ್ಬರು 30 ಹಾಳೆ ತಗೊಂಡು ಹೋಗಬಹುದು. ದುಡ್ಡಿಲ್ಲ. ನೀವು ಕೆಲಸ ಮಾಡೋ ಜಾಗದಲ್ಲಿ, ಕೈಗೆ ಸಿಗೋ ಕಡೆ ಇಡಿ. ಮನೇಲಿ ಮೇಜಿನ ಮೇಲೆ ಇಟ್ರೆ ಅದು ಮೇಜಿನ ಮೇಲೇ ಇರುತ್ತೆ. ಅವತ್ತು ಅಲ್ಲಿ ಯಾರು ಏನಂದ್ರು, ಅದನ್ನ ಅವರ ಮಾತಲ್ಲೇ ಬರೀರಿ. ಒಂದೇ ಬದಿ.

ತಿಂಗಳ ಕೊನೆಗೆ ತಂದ್ರೆ ಸ್ಪೈರಲ್ ಹಾಕಿಕೊಡ್ತೀನಿ, ಒಂಬತ್ತೇ ಹಾಳೆ ಇದ್ರೂ. ಓದಲ್ಲ. ಮೆಷಿನ್ನಿಗೆ ಕೊಡುವಾಗ ಉಲ್ಟಾ ಹಿಡ್ಕೊಂಡು ತೂತು ಹಾಕ್ತೀನಿ. ಸಣ್ಣ ಕಾಯಿಲ್ 40 ಇವೆ, ಮುಗಿದ ಮೇಲೆ 15 ರೂಪಾಯಿ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟೂವರೆ. ಭಾನುವಾರ ರಜೆ. ನೀರು ಬರೋ ದಿನ ಹತ್ತು ನಿಮಿಷ ತಡ ಆಗಬಹುದು.